ಸುಂಕದ ಗೋಡೆಯಷ್ಟೇ ಸಾಲದು

ಚೀನಾದ ವಿದ್ಯುತ್‌ಚಾಲಿತ ಕಾರುಗಳ ಪೈಪೋಟಿಗೆ ಜರ್ಮನಿಯ ಫೋಕ್ಸ್‌ವ್ಯಾಗನ್‌ನಂತಹ ಹಳೆಯ ಕಂಪನಿಯೂ ತತ್ತರಿಸುತ್ತಿರುವುದನ್ನು ನಮ್ಮ ಸರ್ಕಾರಗಳು ದೂರದ ಸುದ್ದಿಯೆಂದು ಬದಿಗಿಡಬಾರದು.

2030ರೊಳಗೆ ಜರ್ಮನಿಯಲ್ಲಿ 35 ಸಾವಿರಕ್ಕೂ ಹೆಚ್ಚು ಉದ್ಯೋಗ ಕಡಿತಕ್ಕೆ ಆ ಕಂಪನಿ 2024ರ ಡಿಸೆಂಬರ್‌ನಲ್ಲಿ ಕಾರ್ಮಿಕ ಸಂಘಟನೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಐರೋಪ್ಯ ಒಕ್ಕೂಟ ಚೀನಾದಲ್ಲಿ ತಯಾರಾದ ವಿದ್ಯುತ್ ಕಾರುಗಳ ಮೇಲೆ ಶೇ 35.3ರವರೆಗೆ ಹೆಚ್ಚುವರಿ ಸುಂಕ ಹೇರಿತ್ತು. ಆದರೂ ಚೀನಾದ ಕಾರು ಕಂಪನಿ ಬಿವೈಡಿಯ ಓಟ ನಿಂತಿಲ್ಲ. ಅದು 1995ರಲ್ಲಿ ಹುಟ್ಟಿದ್ದೇ ಬ್ಯಾಟರಿ ತಯಾರಿಸಲು. ಕಾರಿಗೆ ಕೈ ಹಾಕಿದ್ದು ಆಮೇಲೆ. ವಿದ್ಯುತ್ ಕಾರಿನಲ್ಲಿ ಅತಿ ದುಬಾರಿ ಭಾಗವೇ ಬ್ಯಾಟರಿ. ಅದನ್ನು ಸ್ವತಃ ತಯಾರಿಸುವವರೊಂದಿಗೆ ಕೊಂಡು ತರುವವರು ಬೆಲೆಯಲ್ಲಿ ಸೆಣಸುವುದಾದರೂ ಹೇಗೆ? ಎಂಜಿನ್ ತಯಾರಿಕೆಯಲ್ಲಿ ಪಳಗಿದ ಕೈ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಬೆಂಗಳೂರಿನ ‘ರೇವಾ’ ವಿದ್ಯುತ್ ಕಾರು 2001ರಲ್ಲೇ ರಸ್ತೆಗಿಳಿದಿತ್ತು ಎಂಬುದನ್ನು ನೆನೆದರೆ ಬೇಸರವಾಗುತ್ತದೆ. ಇಂದಿಗೂ ನಾವು ಬ್ಯಾಟರಿಯ ಸೆಲ್‌ಗಳಿಗೆ ಬಹುಪಾಲು ಚೀನಾವನ್ನೇ ನೆಚ್ಚಿದ್ದೇವೆ. ಆಮದು ಸುಂಕದ ಆಸರೆಯಲ್ಲಿ ನಿಶ್ಚಿಂತರಾಗಿ ಕೂರದೆ, ಕಾರು ಕಂಪನಿಗಳಿಗೆ ನೀಡುವ ಭೂಮಿ, ತೆರಿಗೆ ರಿಯಾಯಿತಿಗಳಿಗೆ ಸೆಲ್ ತಯಾರಿಕೆ ಮತ್ತು ಸ್ಥಳೀಯ ಕಾರ್ಮಿಕರ ಮರುತರಬೇತಿಯ ಷರತ್ತನ್ನು ಸರ್ಕಾರ ವಿಧಿಸಲಿ.

–ಓದುಗ, ಬೆಂಗಳೂರು