ಗುಳೆ ಹೊರಡುವ ಮುನ್ನ ಫಿಟ್ಸ್ ಮಾತ್ರೆ ಎಣಿಸಿಕೊಳ್ಳಿ

ಮಾನ್ಯ ಸಂಪಾದಕರೆ,

ರಾಯಚೂರು, ಕೊಪ್ಪಳ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವವರಲ್ಲಿ ಮೂರ್ಛೆ ರೋಗಕ್ಕೆ ಮಾತ್ರೆ ನುಂಗುವವರೂ ಇದ್ದಾರೆ. ಚೀಟಿ ಊರಲ್ಲೇ ಉಳಿದು ಮಾತ್ರೆ ತೀರಿತೆಂದರೆ ಕಷ್ಟ. ಫೆನಿಟಾಯಿನ್, ವಾಲ್‌ಪ್ರೊಯೇಟ್, ಕಾರ್ಬಮಜೆಪಿನ್ ಯಾವುದೇ ಇರಲಿ, ದಿಢೀರ್ ನಿಲ್ಲಿಸಿದರೆ ಬಿಟ್ಟೂಬಿಡದೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಸಾಮಾನ್ಯವಾಗಿ ಕನಿಷ್ಠ 2 ವರ್ಷ ಫಿಟ್ಸ್ ಬಾರದಿದ್ದ ಬಳಿಕವೇ ವೈದ್ಯರು ಮಾತ್ರೆ ಇಳಿಸುವ ಯೋಚನೆ ಮಾಡುತ್ತಾರೆ, ಅದೂ ತಿಂಗಳುಗಟ್ಟಲೆ ಹಂತಹಂತವಾಗಿ. ಹೊರಡುವಾಗ 15 ದಿನಕ್ಕಾಗುವಷ್ಟು ಹೆಚ್ಚುವರಿ ಮಾತ್ರೆ, ಮೊಬೈಲಿನಲ್ಲಿ ಚೀಟಿಯ ಫೋಟೊ ಇರಲಿ.

ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ನುಂಗಿ. ಮುಂದಿನ ಹೊತ್ತು ಹತ್ತಿರವಿದ್ದರೆ ಬಿಟ್ಟುಬಿಡಿ, ಎರಡನ್ನೂ ಒಟ್ಟಿಗೆ ಬೇಡ. ಫೆನಿಟಾಯಿನ್ ಅಂತೂ ತುಸು ಹೆಚ್ಚಾದರೂ ರಕ್ತದಲ್ಲಿ ಮಟ್ಟ ಸರ್ರನೆ ಏರಿ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ. 'ಕುಡದಾನ' ಅಂತ ಜನ ಬೈಯುವುದೂ ಉಂಟು. ಹೊಸ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಮೈಮೇಲೆ ಗುಳ್ಳೆ, ಬಾಯಿಹುಣ್ಣು ಕಂಡರೆ ಅಂದೇ ವೈದ್ಯರ ಬಳಿ ಹೋಗಿ. ವಾಲ್‌ಪ್ರೊಯೇಟ್ ಹೊಟ್ಟೆಯಲ್ಲಿರುವ ಕೂಸಿಗೆ ಹಾನಿ ಮಾಡಬಲ್ಲದು. ಅದನ್ನು ನುಂಗುವ ಹೆಣ್ಣುಮಕ್ಕಳು ಬಸಿರಾಗುವ ಮೊದಲೇ ವೈದ್ಯರಿಗೆ ಹೇಳಬೇಕು, ತಾವಾಗಿಯೇ ನಿಲ್ಲಿಸಬಾರದು.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಬಾಯಿಗೆ ನೀರು ಎರಡೂ ಬೇಡ. ಒಂದು ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

– ಫಾರ್ಮಸಿಸ್ಟ್, ಲಿಂಗಸುಗೂರು