45 ವರ್ಷ ಪಕ್ಕದಲ್ಲಿ ನಿಂತವಳ ನಮಸ್ಕಾರ

ಕಳೆದ ವಾರ ಕೊನೆಯ ಸಲ ಬಣ್ಣ ಹಚ್ಚಿದೆ. ತಾಯಿ ಪಾತ್ರ. ಆಟ ಮುಗಿದ ಮೇಲೆ ಹುಡುಗರು ಶಾಲು ಹೊದಿಸಿ, ಕೈಗೆ ಮೈಕ್ ಕೊಟ್ಟು, ನಾಲ್ಕು ಮಾತಾಡ್ರಿ ಅಂದರು. ಬೇರೆಯವರು ಬರೆದ ಮಾತನ್ನು 45 ವರ್ಷ ಆಡಿದ್ದೇನೆ. ಅವತ್ತು ನನ್ನದು ಅನ್ನುವ ಒಂದು ಮಾತೂ ಬರಲಿಲ್ಲ. ಕೈ ಮುಗಿದು ಇಳಿದುಬಂದೆ. ಅಲ್ಲಿ ಹೇಳಬೇಕಾಗಿದ್ದನ್ನು ಈಗ ಹೇಳುತ್ತಿದ್ದೇನೆ, ಮಗಳು ಬರೆದುಕೊಳ್ಳುತ್ತಿದ್ದಾಳೆ.

ನಾನು ನಾಟಕ ಕಂಪನಿಗೆ ಬಂದಿದ್ದು 1979ರಲ್ಲಿ. ನನಗೆ 13 ವರ್ಷ. ಅವ್ವ ಅಲ್ಲಿ ಅಡುಗೆ ಮಾಡುತ್ತಿದ್ದಳು. ಸಖಿ ಪಾರ್ಟಿನ ಹುಡುಗಿ ಊರಿಗೆ ಹೋದವಳು ವಾಪಸ್ ಬರಲಿಲ್ಲ. ಇವಳಿಗೇ ಸೀರೆ ಉಡಿಸಿ ಅಂದರು ಮಾಲೀಕರು. ರಾಣಿ ಪಕ್ಕದಲ್ಲಿ ಚಾಮರ ಬೀಸುತ್ತಾ ನಿಲ್ಲಬೇಕು, ಅಷ್ಟೇ. ಮಾತಿಲ್ಲ. ಅಷ್ಟೊಂದು ಜನರನ್ನು ಒಟ್ಟಿಗೆ ಕಂಡಿರಲಿಲ್ಲ, ಆಟ ಮುಗಿಯುವವರೆಗೂ ಅವರನ್ನೇ ನೋಡಿದೆ. ರಾತ್ರಿ ನಾಟಕ ಕಲಿಸುವ ಮಾಸ್ತರು ಕರೆದರು. ಬೈಯುತ್ತಾರೆ ಅಂದುಕೊಂಡೆ. ಮೆಲ್ಲಗೆ ಕೇಳಿದರು: "ತಂಗಿ, ರಾಣಿ ಅಳಾಕತ್ತಿದ್ಲು. ನೀ ಎಲ್ಲಿ ನೋಡಾಕತ್ತಿದ್ದಿ? ನೀ ಆಕಿ ಮಾತು ಕೇಳಿದ್ರ ಜನಾನೂ ಕೇಳ್ತಾರ."

ನಾನು ಕಲಿತ ನಟನೆಯಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನಲ್ಲೇ ಇದೆ. ಹಾಗಾಗಿ ಮೊದಲ ನಮಸ್ಕಾರ ಮಾಸ್ತರಿಗೆ. ಹೆಂಗಸರಂತೆ ನಡೆಯುವುದನ್ನು, ಸೆರಗು ಹಿಡಿಯುವುದನ್ನು ನನಗೆ ಕಲಿಸಿದ್ದೂ ಅವರೇ. ಹೆಂಗಸರು ರಂಗಕ್ಕೆ ಬರುವುದು ಕಡಿಮೆಯಿದ್ದ ಕಾಲದಲ್ಲಿ ಅವರು ಸ್ತ್ರೀಪಾತ್ರ ಮಾಡುತ್ತಿದ್ದರಂತೆ. ಏಣಗಿ ಬಾಳಪ್ಪನವರಂಥ ದೊಡ್ಡವರೂ ಹರೆಯದಲ್ಲಿ ಸ್ತ್ರೀಪಾತ್ರ ಮಾಡಿದವರೇ ಅಲ್ವಾ. ತುಂಬಿದ ಕೊಡ ಇಟ್ಟುಕೊಂಡ ಸೊಂಟ ಹೇಗೆ ವಾಲುತ್ತದೆ ಅನ್ನುವುದನ್ನು ಮಾಸ್ತರು ಬರಿಗೈಯಲ್ಲಿ ತೋರಿಸಿದರೆ, ದಿನಾ ನೀರು ಹೊರುತ್ತಿದ್ದ ನಾನೇ ಬೆರಗಾಗಿ ನೋಡುತ್ತಿದ್ದೆ.

ಗುಬ್ಬಿ ವೀರಣ್ಣನವರ ಕಂಪನಿ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದಿತ್ತು ಅಂತ ಹಿರಿಯರು ಹೇಳುತ್ತಿದ್ದರು. ನಮ್ಮದು ಸಣ್ಣ ಕಂಪನಿ, ಆದರೆ ನಮಗೂ ಒಂದು ದರ್ಬಾರ್ ಸೀನು ಇತ್ತು. ಹಿಂದೆ ಅದನ್ನು ಜೋಡಿಸುವಾಗ ಮುಂದೆ ಬೀದಿ ಪರದೆ ಇಳಿಯುತ್ತದೆ. ಆ ಪರದೆಯ ಮುಂದೆ ಹಾಸ್ಯದವರೂ ನಾನೂ ಗಂಡ ಹೆಂಡತಿಯಾಗಿ ಜಗಳ ಆಡಬೇಕು. ಪುಸ್ತಕದಲ್ಲಿ ಇರುವುದು ಎರಡು ಪುಟ. ಸಿಂಹಾಸನ ಸಿದ್ಧವಾಗದಿದ್ದರೆ ಅದನ್ನೇ ಹತ್ತು ನಿಮಿಷ ಎಳೆಯಬೇಕು. ಸಿದ್ಧವಾದಾಗ ಪರದೆಯ ಹಿಂದಿನಿಂದ ಎರಡು ಸಲ ಕೆಮ್ಮು ಕೇಳಿಸುತ್ತಿತ್ತು. ನಾವು ಜಗಳ ಮುಗಿಸಿ ಓಡುತ್ತಿದ್ದೆವು, ದರ್ಬಾರ್ ಕಂಡು ಜನ ಚಪ್ಪಾಳೆ ಹೊಡೆಯುತ್ತಿದ್ದರು. ಆ ಚಪ್ಪಾಳೆಯಲ್ಲಿ ನಮ್ಮ ಪಾಲೂ ಇದೆ ಅಂತ ನಾನು ಇವತ್ತಿಗೂ ನಂಬುತ್ತೇನೆ. ಸಿಂಹಾಸನ ಹೊತ್ತವರಿಗೆ, ಕತ್ತಲಲ್ಲಿ ಮೊಳೆ ಹೊಡೆದವರಿಗೆ, ಆ ಕೆಮ್ಮಿನ ಅಣ್ಣನಿಗೆ ನನ್ನ ನಮಸ್ಕಾರ. ಹಾಸ್ಯದವರಿಗೆ ಇನ್ನೂ ಜಾಸ್ತಿ. ನನ್ನ ಮಾತು ತಪ್ಪಿದಾಗೆಲ್ಲ ಅದನ್ನೇ ನಗುವಾಗಿ ತಿರುಗಿಸಿದರು, ತಪ್ಪು ನನ್ನದು ಅಂತ ಒಂದು ಸಲವೂ ಜನಕ್ಕೆ ಗೊತ್ತಾಗಲು ಬಿಡಲಿಲ್ಲ.

24ನೇ ವಯಸ್ಸಿಗೆ ನಾನು ತಾಯಿಯಾದೆ, ರಂಗದ ಮೇಲೆ. ತಲೆಗೆ ಬಿಳಿ ಪುಡಿ, ಹಣೆಗೆ ಕಪ್ಪು ಗೆರೆ. ಮಗನ ಪಾತ್ರ ಮಾಡುತ್ತಿದ್ದ ಹೀರೋಗೆ ಆಗ 43. ಮೊದಲ ದಿನ ಅವರು ಕಾಲಿಗೆ ಬೀಳಲು ಬಂದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದುಬಿಟ್ಟೆ. ಒಳಗೆ ಬಂದ ಮೇಲೆ ಅವರು ಹೇಳಿದರು, "ನೀ ಹಿಂದ ಸರದ್ರ ನಾ ಮಗಾ ಆಗೂದು ಹ್ಯಾಂಗವ್ವಾ?" ಅವತ್ತಿನಿಂದ ಊಟಕ್ಕೆ ಕೂತಾಗಲೂ, ಬಸ್ಸಿನಲ್ಲೂ ಅವ್ವಾ ಅಂತಲೇ ಕರೆದರು. ಹಾಗೆ ಕರೆದರೆ ಸಂಜೆ ನನಗೆ ಸುಲಭವಾಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಅವರು ಈಗಿಲ್ಲ. ಇದ್ದಾಗ ಈ ಮಾತನ್ನು ಅವರಿಗೆ ಹೇಳಲೇ ಇಲ್ಲ.

ಕಷ್ಟಗಳನ್ನು ಉದ್ದಕ್ಕೆ ಹೇಳುವುದಿಲ್ಲ. ನಾಟಕದವರಿಗೆ ಮನೆ ಕೊಡಲ್ಲ ಅಂದವರು ಇದ್ದರು. ಅದೇ ಬೀದಿಯಲ್ಲಿ ಒಬ್ಬ ಟೀಚರ್ ಮತ್ತು ಅವರ ಯಜಮಾನರು ನನ್ನ ಮಗಳನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸಿದರು. ನಾನು ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುತ್ತಿದ್ದೆ, ಅವಳ ಶಾಲೆ ಒಂದು ದಿನವೂ ತಪ್ಪಲಿಲ್ಲ. ಅವಳು ಇವತ್ತು ನರ್ಸ್. ಟೀಚರಮ್ಮಾ, ನಿಮಗೆ ಯಾವ ಮಾತಿನಲ್ಲಿ ಹೇಳಲಿ?

ಕಂಪನಿ ಮುಚ್ಚಿದ ಮೇಲೆ ಹಳ್ಳಿ ನಾಟಕಗಳು ನನ್ನನ್ನು ಸಾಕಿದವು. ನಮ್ಮ ಕಡೆ ಜಾತ್ರೆ ಬಂದರೆ ಊರ ಹುಡುಗರೇ ನಾಟಕ ಕಟ್ಟುತ್ತಾರೆ, ಹೆಣ್ಣಿನ ಪಾರ್ಟಿಗೆ ಮಾತ್ರ ನಮ್ಮನ್ನು ಕರೆಸುತ್ತಾರೆ. ಹಗಲು ಹೊಲದಲ್ಲಿ ದುಡಿದು ರಾತ್ರಿ ಮಾತು ಬಾಯಿಪಾಠ ಮಾಡಿದ ಹುಡುಗರು. ಕೈ ನಡುಗುತ್ತಿರುತ್ತದೆ. ನನಗೆ ಮಾಸ್ತರು ಹೇಳಿದ್ದನ್ನೇ ನಾನು ಅವರ ಎದುರು ಮಾಡಿದೆ, ಅವರ ಮಾತನ್ನು ಮೊದಲ ಸಲ ಕೇಳುವಂತೆ ಕೇಳಿದೆ. ಎರಡನೇ ಸೀನಿಗೆ ನಡುಕ ನಿಲ್ಲುತ್ತಿತ್ತು.

2020ರಲ್ಲಿ ಲಾಕ್‌ಡೌನ್ ಶುರುವಾಗಿದ್ದು ಯುಗಾದಿ ದಿನ, ಮಾರ್ಚ್ 25. ಆ ಬೇಸಿಗೆಯ ದುಡಿಮೆಯೇ ನಮಗೆ ವರ್ಷದ ಅನ್ನ. ಒಪ್ಪಿಕೊಂಡಿದ್ದ ಆಟಗಳೆಲ್ಲ ನಿಂತವು. ಆಗ ಆ ಹಳ್ಳಿ ಹುಡುಗರಲ್ಲೇ ಮೂವರು ಜೋಳ, ಬೇಳೆ ತಂದು ಬಾಗಿಲಲ್ಲಿ ಇಳಿಸಿ ಹೋದರು. ಮುಂಗಡ ಕೊಟ್ಟವರು ಯಾರೂ ವಾಪಸ್ ಕೇಳಲಿಲ್ಲ.

ಈ ವರ್ಷ 58 ತುಂಬಿತು. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕೋಣ ಅಂತ ಕೂತರೆ, ಪಾತ್ರ ಮಾಡಿದ್ದಕ್ಕೆ ಸಾಕ್ಷಿ ಅಂತ ತೋರಿಸಲು ನನ್ನ ಹತ್ತಿರ ಒಂದು ಹ್ಯಾಂಡ್‌ಬಿಲ್ಲೂ ಇಲ್ಲ. ಇದ್ದರೂ ಏನು, ಅವುಗಳಲ್ಲಿ ಹೀರೋ, ಹೀರೋಯಿನ್, ಹಾಸ್ಯದವರ ಹೆಸರು ದಪ್ಪಕ್ಷರದಲ್ಲಿರುತ್ತದೆ. ನಾವು "ಮತ್ತು ಇತರರು". ಸುದ್ದಿ ತಿಳಿದು ನಮ್ಮ ಹಳೆಯ ಗೇಟ್‌ಕೀಪರ್ ಕಾಕಾ ಒಂದು ಟ್ರಂಕ್ ಹೊತ್ತು ಬಂದರು. ಕಂಪನಿಯ ಹ್ಯಾಂಡ್‌ಬಿಲ್ಲುಗಳನ್ನು ಅಷ್ಟು ವರ್ಷ ಎತ್ತಿಟ್ಟಿದ್ದರು. ನೆಲದ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು, ಒಂದೊಂದನ್ನೇ ಓದಿ ನನ್ನ ಹೆಸರಿದ್ದ 11 ಬಿಲ್ಲು ತೆಗೆದುಕೊಟ್ಟರು. ನನ್ನ ಹೆಸರು ಅಷ್ಟು ಸಲ ಅಚ್ಚಾಗಿದೆ ಅಂತ ನನಗೇ ಗೊತ್ತಿರಲಿಲ್ಲ. ಕಾಕಾ, ಮಾಸಾಶನ ಬರಲಿ ಬಿಡಲಿ, ಆ ಮಧ್ಯಾಹ್ನವನ್ನು ನಾನು ಮರೆಯುವುದಿಲ್ಲ.

ಕೊನೆಗೆ ಒಬ್ಬರಿದ್ದಾರೆ. ಬಾದಾಮಿ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಯ ತೇರು ಎಳೆದ ಮೇಲೂ ದಿನಗಟ್ಟಲೆ ಅಲ್ಲಿ ಕಂಪನಿಗಳ ಟೆಂಟು ಸಾಲಾಗಿ ನಿಂತಿರುತ್ತವೆ. ದಿನಕ್ಕೆ ಮೂರು ಆಟ, ಊಟಕ್ಕೆ ಹೊತ್ತಿಲ್ಲ. ಮಧ್ಯಾಹ್ನದ ಆಟದಲ್ಲಿ ಸೊಸೆ ಮಾತು ಕೇಳಿ ಮಗ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಆಟ ಮುಗಿಸಿ ಟೆಂಟಿನ ಹಿಂದೆ ಕೂತಿದ್ದೆ, ಬಣ್ಣ ತೆಗೆದಿರಲಿಲ್ಲ. ಒಬ್ಬ ಅಜ್ಜಿ ಹುಡುಕಿಕೊಂಡು ಬಂದರು. ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ನನ್ನ ಮುಂದಿಟ್ಟರು. "ಉಣ್ಣವ್ವ. ಅಂವಾ ಹಾಕಿದ್ರ ಹಾಕಲಿ, ನಾವಿಲ್ಲೇನು?" ಅಂದರು.

ನನ್ನ ಪಕ್ಕದಲ್ಲೇ ಕೂತು ಉಣ್ಣುವುದನ್ನೇ ನೋಡಿದರು. ಎರಡನೇ ರೊಟ್ಟಿ ಮುಗಿಯುವಷ್ಟರಲ್ಲಿ ಒಳಗೆ ಹಾರ್ಮೋನಿಯಂ ಕೇಳಿಸಿತು, ಸಂಜೆಯ ಆಟಕ್ಕೆ ನಾಂದಿ. ಕೈ ತೊಳೆದು ಓಡಿದೆ. ಅವರ ಹೆಸರು, ಊರು ಕೇಳುವುದಿರಲಿ, ಬುತ್ತಿಯ ಬಟ್ಟೆಯನ್ನು ಮಡಚಿ ಕೊಡಲೂ ಆಗಲಿಲ್ಲ.