ಗುಡಿ ನೋಡಲು ಬಂದವರಿಗೆ ಶೌಚಾಲಯದ ಬೀಗ ತೆಗೆಸಿ: ಪ್ರವಾಸೋದ್ಯಮ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ರೈಲ್ವೆ ಸ್ಟೇಷನ್ನಿನಲ್ಲೋ ವಿಮಾನ ನಿಲ್ದಾಣದಲ್ಲೋ ಇಳಿದವರನ್ನು ಹತ್ತಿಸಿಕೊಂಡು ಲಕ್ಕುಂಡಿ, ಗದಗ, ಡಂಬಳ, ಬಂಕಾಪುರ, ಹಾನಗಲ್, ಶಿಶುನಾಳ ತೋರಿಸಿಕೊಂಡು ಬರುವುದು ನನ್ನ ಹೊಟ್ಟೆಪಾಡು. ನನ್ನ ಬೇಡಿಕೆ ಒಂದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಉದ್ದದ ಪತ್ರವನ್ನು ಕೊನೆವರೆಗೆ ಓದುವಷ್ಟು ಪುರುಸೊತ್ತು ನಿಮಗೆ ಇರಲಿಕ್ಕಿಲ್ಲ. ಧಾರವಾಡ, ಗದಗ, ಹಾವೇರಿ ಈ ಮೂರು ಜಿಲ್ಲೆಗಳಲ್ಲಿ ಜನ ನೋಡಲು ಬರುವ ಪ್ರತಿ ಜಾಗದಲ್ಲೂ ಬಾಗಿಲು ತೆರೆದಿರುವ, ನಲ್ಲಿಯಲ್ಲಿ ನೀರು ಬರುವ, ಒಳಗಿನಿಂದ ಚಿಲಕ ಬೀಳುವ ಶೌಚಾಲಯ ಬೇಕು. ಹೆಂಗಸರಿಗೆ ಮೊದಲು ಬೇಕು.

ಎಲ್ಲಾ ಕಡೆ ಹೊಸದು ಕಟ್ಟಿಸಿ ಅಂತ ಕೇಳುತ್ತಿಲ್ಲ. ಎಷ್ಟೋ ಕಡೆ ಕಟ್ಟಿದ್ದಾರೆ. ಟೈಲ್ಸ್ ಹಾಕಿದ್ದಾರೆ, ಬೋರ್ಡ್ ಬರೆಸಿದ್ದಾರೆ, ಬಾಗಿಲಿಗೆ ಬೀಗ ಜಡಿದಿದ್ದಾರೆ. ಆ ಬೀಗ ತೆಗೆಸಿ ಅಂತ ಕೇಳುತ್ತಿದ್ದೇನೆ.

ನಮ್ಮ ಕಡೆ ನೋಡೋದಕ್ಕೆ ಏನಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾಕಂದರೆ ದಿನವೂ ಅದನ್ನು ನೋಡಿ ಹೊಟ್ಟೆ ತುಂಬಿಸಿಕೊಳ್ಳುವವನು ನಾನು. ಹುಬ್ಬಳ್ಳಿಗೆ ಬಂದಿಳಿಯುವ ಪ್ರವಾಸಿಗರು ಹಂಪಿ, ಬಾದಾಮಿ ಅಂತಲೇ ಕೇಳುತ್ತಾರೆ. ಹಂಪಿಗೆ ಹೋಗುವ ಹೊಸಪೇಟೆ ಹೆದ್ದಾರಿಯಲ್ಲೇ, ಗದಗ ದಾಟಿ ಹನ್ನೆರಡು ಕಿಲೋಮೀಟರ್ ಹೋದರೆ ಲಕ್ಕುಂಡಿ. "ಇಲ್ಲೊಂದು ತಾಸು ಇಳೀರಿ" ಅಂತ ನಾನೇ ಬಲವಂತ ಮಾಡುತ್ತೇನೆ. ಇಳಿದವರು ಒಂದು ತಾಸಿಗೆ ಹೊರಡುವುದೇ ಇಲ್ಲ. ಕಾಶಿವಿಶ್ವೇಶ್ವರ ಗುಡಿಯಲ್ಲಿ ಶಿವನ ಗುಡಿ ಒಂದು ಕಡೆ, ಅದಕ್ಕೆ ಎದುರಾಗಿ ಸೂರ್ಯನ ಗುಡಿ ಇನ್ನೊಂದು ಕಡೆ. ಬಾಗಿಲವಾಡದ ಮೇಲೆ ಸಾಲು ಸಾಲಾಗಿ ಕೆತ್ತನೆ. ಬಳ್ಳಿಯ ಒಂದೊಂದು ಸುತ್ತಿನೊಳಗೂ ಒಂದೊಂದು ಸಣ್ಣ ಚಿತ್ರ. ಬೆರಳು ತೂರುವಷ್ಟು ಒಳಗೆ ಕೊರೆದಿದ್ದಾರೆ. ಕಂಬಗಳು ಇವತ್ತಿಗೂ ಉಜ್ಜಿಟ್ಟ ಕಂಚಿನ ಹಾಗೆ ಮಿಂಚುತ್ತವೆ. ಅಲ್ಲಿಂದ ಬ್ರಹ್ಮ ಜಿನಾಲಯಕ್ಕೆ ಕರೆದುಕೊಂಡು ಹೋಗುತ್ತೇನೆ. ಅದನ್ನು 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ದಾನಚಿಂತಾಮಣಿ ಅಂತ ಹೆಸರಾದ ತಾಯಿ. ಪೊನ್ನ ಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದವಳು. ಒಬ್ಬ ಹೆಣ್ಣುಮಗಳು ಸಾವಿರ ವರ್ಷದ ಹಿಂದೆ ಇಷ್ಟು ದೊಡ್ಡ ಕೆಲಸ ಮಾಡಿ ಹೋಗಿದ್ದಾಳೆ. ಇವತ್ತು ಈ ಭಾಗದ ಗುಡಿ ನೋಡಲು ಬರುವ ಹೆಣ್ಣುಮಕ್ಕಳು ಬೆಳಗ್ಗೆಯಿಂದ ಸಂಜೆವರೆಗೆ ನೀರು ಕುಡಿಯದೆ ತಿರುಗುತ್ತಾರೆ. ನಮಗೆ ಇದು ನಾಚಿಕೆಗೇಡು ಅಲ್ವಾ?

ನೀರಿನ ಮಾತು ಸುಮ್ನೆ ಹೇಳಿದ್ದಲ್ಲ. ಹುಬ್ಬಳ್ಳಿ ಬಿಡುವಾಗ ಎಲ್ಲರ ಕೈಗೂ ಒಂದೊಂದು ಬಾಟಲಿ ನೀರು ಕೊಡುತ್ತೇನೆ. ಸಂಜೆ ವಾಪಸ್ ಬಂದು ಕಾರು ಗುಡಿಸುವಾಗ ಗಂಡಸರ ಬಾಟಲಿ ಖಾಲಿ ಇರುತ್ತದೆ. ಹೆಂಗಸರದು ಸೀಟಿನ ಸಂದಿಯಲ್ಲಿ ಸೀಲ್ ಕೂಡ ಒಡೆಯದೆ ಬಿದ್ದಿರುತ್ತದೆ. ಏಪ್ರಿಲ್ ಬಿಸಿಲಿನಲ್ಲೂ ಅಷ್ಟೇ. ಮನೆಯಲ್ಲಿ ಹೆಂಡತಿಗೆ ಹೇಳಿದರೆ, "ಕುಡಿದು ಎಲ್ಲಿ ಹೋಗಬೇಕ್ರಿ ಅವರು?" ಅಂದಳು. ಈ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇದೆಯಾ?

ಹೋದ ಏಪ್ರಿಲ್‌ನಲ್ಲಿ ನಡೆದದ್ದನ್ನು ಬರೆಯುತ್ತೇನೆ. ಅದನ್ನು ಮರೆಯೋಕೆ ಆಗಿಲ್ಲ, ಅದಕ್ಕೇ ಈ ಪತ್ರ. ಜಾಗದ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿ ದಿನಗೂಲಿಗೆ ಇರುವ ಒಬ್ಬ ಬಡವನ ಮೇಲೆ ಎಲ್ಲಾ ಹಾಕಿ ಕೈತೊಳೆದುಕೊಳ್ಳುತ್ತಾರೆ.

ಊರು ಬಿಟ್ಟು ಪುಣೆಯಲ್ಲಿ ನೆಲೆಸಿರುವ ಕನ್ನಡದ ಕುಟುಂಬ ಅದು. ತಾಯಿ, ಮಗಳು, ಅಳಿಯ. ತಾಯಿಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಬೇರೆ. ನಮ್ಮ ಗುಡಿಗಳನ್ನು ಒಮ್ಮೆ ಕಣ್ತುಂಬ ನೋಡಬೇಕು ಅಂತ ಅವರದೇ ಆಸೆ. ಜಾಗ ಮುಟ್ಟಿದ ಕೂಡಲೇ ಮಗಳು ಶೌಚಾಲಯ ಎಲ್ಲಿ ಅಂತ ಕೇಳಿದರು. ತೋರಿಸಿದೆ. ಬೀಗ. ಪಕ್ಕದ ನೆರಳಲ್ಲಿ ಕೂತಿದ್ದವನನ್ನು ಕೇಳಿದರೆ, "ಕೀಲಿಕೈ ನನ್ನ ಹತ್ರ ಇಲ್ರಿ, ಗುತ್ತಿಗೆದಾರರ ಹತ್ರ ಐತಿ" ಅಂದ. ಗುತ್ತಿಗೆದಾರರ ನಂಬರ್ ಕೊಟ್ಟ. ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ, ಸ್ವಿಚ್ ಆಫ್.

ಅಷ್ಟರಲ್ಲಿ ಎರಡು ಸರ್ಕಾರಿ ಗಾಡಿ ಬಂದು ನಿಂತವು. ಅದೇ ಮನುಷ್ಯ ಎದ್ದು ಓಡಿದ. ಕಿಸೆಯಿಂದ ಕೀಲಿಕೈ ತೆಗೆದ. ಬಾಗಿಲು ತೆರೆಯಿತು. ಒಳಗೆ ಹೊಸ ಬಕೆಟ್ಟು, ಸೋಪು, ಟವೆಲ್ಲು. ಫಿನಾಯಿಲ್ ವಾಸನೆ ನಾವು ನಿಂತಿದ್ದಲ್ಲಿಗೇ ಬಂತು. ಬಂದವರು ಹೋಗಿ ಬಂದರು. ಆ ತಾಯಿ ಮಗಳ ಕೈ ಹಿಡಿದು ಬಾಗಿಲ ಕಡೆ ನಡೆಯುತ್ತಿದ್ದರು. ಅವರ ಕಣ್ಣೆದುರಿಗೇ ಅವನು ಮತ್ತೆ ಬೀಗ ಹಾಕಿದ. ನಾನು ಜೋರು ಮಾಡಿದೆ. "ಇದು ಸಾಹೇಬರಿಗೆ ಇಟ್ಟದ್ದರಿ. ಪಬ್ಲಿಕ್ಕಿಗೆ ಬಿಟ್ರ ಹೊಲಸ ಮಾಡ್ತಾರ. ನನಗ ಹಂಗ ಹೇಳ್ಯಾರ" ಅಂದ.

ಆ ತಾಯಿಗೆ ತಡೆಯೋಕೆ ಆಗಲಿಲ್ಲ. ಸೀರೆ ಒದ್ದೆಯಾಯಿತು. ಅಷ್ಟು ಜನರ ನಡುವೆ.

ಅವರು ಅಳಲಿಲ್ಲ. ಕಾರಿನ ಬಾಗಿಲು ತೆಗೆದು ಕೂತುಕೊಳ್ಳಿ ಅಂದರೆ, "ಬೇಡಪ್ಪಾ, ನಿನ್ನ ಸೀಟು ಹಾಳಾಗ್ತದ" ಅಂತ ಬಿಸಿಲಲ್ಲೇ ನಿಂತರು. ಎದುರು ಮನೆಯ ಹೆಣ್ಣುಮಗಳು ಇದನ್ನು ನೋಡಿ ಬಂದಳು. "ಬರ್ರಿ ಅವ್ವಾರ, ನಮ್ಮ ಮನಿಗೆ ಬರ್ರಿ" ಅಂತ ಕೈ ಹಿಡಿದು ಕರೆದುಕೊಂಡು ಹೋದಳು. ನೀರು ಕಾಸಿ ಕೊಟ್ಟಳು. ತನ್ನದೊಂದು ಸೀರೆ ಉಡಿಸಿ ಕಳಿಸಿದಳು. ದುಡ್ಡು ಕೊಡೋಕೆ ಹೋದರೆ ಮುಟ್ಟಲಿಲ್ಲ. ಆಕೆಯ ಮನೆಯ ಕಕ್ಕಸು ಕೋಣೆ ಆ ಸರ್ಕಾರಿ ಕೋಣೆಯ ಅರ್ಧವೂ ಇಲ್ಲ. ಆದರೆ ಅದು ತೆರೆದಿತ್ತು.

ಅವರು ಗುಡಿ ನೋಡಲಿಲ್ಲ. ಡಂಬಳಕ್ಕೂ ಹೋಗಲಿಲ್ಲ. ನೇರ ಹುಬ್ಬಳ್ಳಿಗೆ ಬಿಡಿ ಅಂದರು. ದಾರಿಯುದ್ದಕ್ಕೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ನಾನು ಪೂರ್ತಿ ಬಾಡಿಗೆ ತೆಗೆದುಕೊಳ್ಳಲಿಲ್ಲ, ಮನಸ್ಸು ಬರಲಿಲ್ಲ.

ಸಚಿವರೇ, ಅದು ಯಾರ ದುಡ್ಡಿನಲ್ಲಿ ಕಟ್ಟಿದ ಶೌಚಾಲಯ? ಸಾಹೇಬರು ಬಂದಾಗ ಮಾತ್ರ ತೆಗೆಯಿರಿ ಅಂತ ಯಾವ ಆದೇಶದಲ್ಲಿ ಬರೆದಿದೆ? ಇದ್ದರೆ ಅದನ್ನೂ ಬೋರ್ಡಿನ ಮೇಲೆ ಬರೆಸಿ. ಜನ ಓದಿಕೊಂಡು ಮನೆಯಲ್ಲೇ ಇರುತ್ತಾರೆ.

ದೂರು ಕೊಟ್ಟಿಲ್ಲ ಅಂತ ಅಂದುಕೊಳ್ಳಬೇಡಿ. ಬರೆದುಕೊಟ್ಟೆ, ಫೋನ್ ಮಾಡಿದೆ. ಗುಡಿ ಒಬ್ಬರದಂತೆ, ಗುಡಿ ಮುಂದಿನ ಜಾಗ ಇನ್ನೊಬ್ಬರದಂತೆ, ಶೌಚಾಲಯ ಕಟ್ಟಿಸಿದವರು ಬೇರೆ, ನೋಡಿಕೊಳ್ಳಬೇಕಾದವರು ಮತ್ತೂ ಬೇರೆಯಂತೆ. ಒಬ್ಬೊಬ್ಬರೂ ಇನ್ನೊಬ್ಬರ ಆಫೀಸಿನ ದಾರಿ ತೋರಿಸಿದರು. ಬಾಡಿಗೆ ಬಿಟ್ಟು ಆಫೀಸು ಸುತ್ತಿದರೆ ನನ್ನ ಕಾರಿನ ಕಂತು ಯಾರು ಕಟ್ಟುತ್ತಾರೆ?

ಇನ್ನು ಶೌಚಾಲಯವೇ ಇಲ್ಲದ ಕಡೆ ಕೇಳಿದರೆ ಒಂದೇ ಉತ್ತರ. "ಸಂರಕ್ಷಿತ ಸ್ಮಾರಕ, 100 ಮೀಟರ್ ಒಳಗೆ ಏನೂ ಕಟ್ಟುವ ಹಾಗಿಲ್ಲ." ಈ ಮಾತನ್ನು ಬಹಳ ದಿನ ನಂಬಿದ್ದೆ. ಧಾರವಾಡ ಹೈಕೋರ್ಟ್ ಪೀಠದ ವಕೀಲರೊಬ್ಬರು ಒಮ್ಮೆ ನನ್ನ ಕಾರಿನಲ್ಲಿ ಬಂದಿದ್ದರು. ಅವರಿಗೆ ಇದನ್ನು ಹೇಳಿದೆ. ಅವರು ಫೋನಿನಲ್ಲಿ ಕಾಯ್ದೆ ತೆಗೆದು ಓದಿ ತೋರಿಸಿದರು. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆ, ಅದಕ್ಕೆ 2010ರಲ್ಲಿ ತಿದ್ದುಪಡಿ. 100 ಮೀಟರ್ ನಿಷೇಧ ಇರುವುದು ನಿಜ. ಆದರೆ ಯಾವುದನ್ನು ನಿರ್ಮಾಣ ಅನ್ನಬೇಕು ಅಂತ ಅದೇ ಕಾಯ್ದೆ ಹೇಳಿದೆ. ಸಾರ್ವಜನಿಕ ಶೌಚಾಲಯ, ಮೂತ್ರಾಲಯ, ಚರಂಡಿ, ಜನರಿಗೆ ನೀರು ಒದಗಿಸುವ ಕೆಲಸ ಇವು ಆ ಲೆಕ್ಕಕ್ಕೇ ಬರುವುದಿಲ್ಲ. ನಿಮಗೆ ಇದು ಗೊತ್ತೇ ಇರುತ್ತದೆ. ಕೆಳಗೆ ಕೂತು ಫೈಲ್ ವಾಪಸ್ ಕಳಿಸುವವರಿಗೂ ದಯವಿಟ್ಟು ಹೇಳಿ. ಗುಡಿಯ ಕಲ್ಲಿಗೆ ತಾಗಿಸಿ ಕಟ್ಟಿ ಅಂತ ಯಾರೂ ಕೇಳುವುದಿಲ್ಲ. ಅಂದ ಕೆಡದ ಹಾಗೆ, ಒಪ್ಪಿಗೆ ತೆಗೆದುಕೊಂಡು, ಸ್ವಲ್ಪ ದೂರದಲ್ಲಿ ಕಟ್ಟಲಿ. ಆದರೆ ಕಟ್ಟಲಿ, ಮತ್ತು ತೆರೆದಿಡಲಿ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಬಾಡಿಗೆ ಕಾರಿನವನು ನಾನು, ಅದರಿಂದ ನನಗೆ ಗಿರಾಕಿ ಕಡಿಮೆಯೇ ಆಗಿರಬಹುದು. ಆದರೂ ಒಳ್ಳೆ ಕೆಲಸ ಅಂತಲೇ ಹೇಳುತ್ತೇನೆ. ಹೊಲ, ಮನೆ ಬಿಟ್ಟು ಎಲ್ಲೂ ಹೋಗದ ಅಮ್ಮಂದಿರು ಈಗ ಗುಂಪು ಕಟ್ಟಿಕೊಂಡು ಬರುತ್ತಾರೆ. ಸಿದ್ಧಾರೂಢ ಮಠಕ್ಕೆ, ಗದುಗಿನ ವೀರನಾರಾಯಣನಿಗೆ, ಕಾಗಿನೆಲೆಗೆ. ಶಿಶುನಾಳದಲ್ಲಿ ಶರೀಫರ ಗದ್ದುಗೆಗೆ ಹಿಂದೂಗಳು, ಮುಸಲ್ಮಾನರು ಒಟ್ಟಿಗೆ ಸಾಲು ನಿಂತು ನಮಸ್ಕಾರ ಮಾಡುವುದನ್ನು ನೋಡಿದರೆ ಕಣ್ಣು ತುಂಬುತ್ತದೆ. ಗುರು ಗೋವಿಂದ ಭಟ್ಟರು, ಶಿಷ್ಯ ಶರೀಫರು. ಇಂಥ ಜಾಗಗಳನ್ನು ದೇಶದ ಜನರೆಲ್ಲ ಬಂದು ನೋಡಬೇಕು. ಬಸ್ಸಿನಲ್ಲಿ ಪುಕ್ಕಟೆ ಕರೆದುಕೊಂಡು ಬಂದಿರಿ, ಸಂತೋಷ. ಇಳಿದ ಮೇಲೆ ಆ ತಾಯಂದಿರು ಎಲ್ಲಿಗೆ ಹೋಗಬೇಕು? ಜಾಲಿ ಕಂಟಿಯ ಮರೆಗಾ?

ಜನ ಹೊಲಸು ಮಾಡುತ್ತಾರೆ ಅನ್ನುವುದು ಸುಳ್ಳಲ್ಲ. ಮಾಡುತ್ತಾರೆ. ಅದಕ್ಕೆ ತೊಳೆಯುವವರನ್ನು ಇಡಿ, ಬೀಗ ಇಡಬೇಡಿ. ಕಟ್ಟುವಾಗ ಲಕ್ಷಗಟ್ಟಲೆ ಬಿಲ್ ಆಗುತ್ತದೆ. ಆಮೇಲೆ ತಿಂಗಳಾ ತಿಂಗಳಾ ತೊಳೆಯುವವರ ಸಂಬಳ, ಮೋಟರಿನ ಕರೆಂಟ್ ಬಿಲ್ಲು, ಕೆಟ್ಟ ನಲ್ಲಿಯ ರಿಪೇರಿ ಯಾರ ಲೆಕ್ಕಕ್ಕೂ ಇರುವುದಿಲ್ಲ. ಬೀಗ ಬೀಳುವುದು ಅಲ್ಲೇ. ಆ ಊರಿನ ಮಹಿಳಾ ಸಂಘಕ್ಕೆ ಕೊಡಿ, ಸಂಬಳ ಕೊಟ್ಟು ಕೊಡಿ. ಐದು ರೂಪಾಯಿ ತೆಗೆದುಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ನನ್ನ ಗಿರಾಕಿಗಳು ಇಪ್ಪತ್ತು ಕೊಡೋಕೂ ತಯಾರು, ಸ್ವಚ್ಛ ಇದ್ದರೆ ಸಾಕು.

ಈಗ ನಾನು ಹೇಗೆ ದಾರಿ ಹಾಕುತ್ತೇನೆ ಗೊತ್ತಾ? ಯಾವ ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ ಚೆನ್ನಾಗಿದೆ, ಯಾವ ಖಾನಾವಳಿಯವರು ಊಟ ಮಾಡದಿದ್ದರೂ ಒಳಗೆ ಬಿಡುತ್ತಾರೆ ಅಂತ ನೋಡಿಕೊಂಡು. ಡಂಬಳದ ದೊಡ್ಡಬಸಪ್ಪನ ಗುಡಿ ನಕ್ಷತ್ರದ ಆಕಾರದ್ದು, 24 ಮೂಲೆ, ಅಂಥದ್ದು ಸಿಗುವುದು ಅಪರೂಪ. ಬಂಕಾಪುರದ ಕೋಟೆಯೊಳಗೆ ನಗರೇಶ್ವರ ಗುಡಿಯ ಕಂಬಗಳ ಸಾಲು ನೋಡುತ್ತಾ ನಿಂತರೆ ಸುತ್ತ ನವಿಲು ಕೂಗುತ್ತವೆ. ಗಳಗನಾಥದಲ್ಲಿ ತುಂಗಭದ್ರೆ, ವರದಾ ಕೂಡುವ ಜಾಗದಲ್ಲಿ ಗುಡಿ. ಇದೆಲ್ಲ ತೋರಿಸಬೇಕು ಅಂತ ಆಸೆ. ಆದರೆ ಹೆಂಗಸರು, ವಯಸ್ಸಾದವರು ಕಾರಿನಲ್ಲಿದ್ದರೆ ದೂರದ ಜಾಗ ಬಿಟ್ಟುಬಿಡುತ್ತೇನೆ. ಹುಬ್ಬಳ್ಳಿಯಲ್ಲಿ 2023ರಲ್ಲಿ 1,507 ಮೀಟರ್ ಪ್ಲಾಟ್‌ಫಾರ್ಮ್ ಆಯಿತು, ಜಗತ್ತಿಗೇ ಉದ್ದದ್ದು. ನನಗೂ ಹೆಮ್ಮೆ. ಅಲ್ಲಿ ಇಳಿದವರಿಗೆ ನಮ್ಮ ಊರು ತೋರಿಸಲು ಹಿಂದೆಮುಂದೆ ನೋಡುವ ಹಾಗೆ ಆಗಿದೆಯಲ್ಲ, ಅದು ಸಂಕಟ.

ಮಳೆಗಾಲ ಮುಗಿದರೆ ನಮ್ಮ ಸೀಸನ್. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸರ್ ಮಾನ್ಯತೆ, ಅಂದರೆ ಮುಖ್ಯವಾದ ಕೆರೆ, ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕ ಮೇಲೆ ಹೊರಗಿನವರೂ ಅದನ್ನು ಕೇಳಿಕೊಂಡು ಬರುತ್ತಿದ್ದಾರೆ. ಡಿಸೆಂಬರ್ ಬಂತೆಂದರೆ ಶಾಲೆ ಮಕ್ಕಳ ಪ್ರವಾಸ. ಬಸ್ಸಿನ ತುಂಬ ಹೆಣ್ಣುಮಕ್ಕಳು ಇಳಿದು ಟೀಚರ್ ಹತ್ತಿರ ಕಿವಿಯಲ್ಲಿ ಕೇಳುತ್ತಾರೆ, ಟೀಚರ್ ಬಂದು ನಮ್ಮಂಥ ಡ್ರೈವರ್‌ಗಳ ಹತ್ತಿರ ಕೇಳುತ್ತಾರೆ. ಅಷ್ಟರೊಳಗೆ ಈ ಕೆಲಸ ಆಗಬೇಕು.

ಪ್ರತಿ ಶೌಚಾಲಯದ ಬಾಗಿಲ ಮೇಲೆ ತೆರೆಯುವ ಹೊತ್ತು, ಮುಚ್ಚುವ ಹೊತ್ತು, ಕೀಲಿಕೈ ಇಟ್ಟುಕೊಂಡವರ ಮೇಲಿನ ಅಧಿಕಾರಿಯ ಫೋನ್ ನಂಬರ್ ಬರೆಸಿ. ಆ ನಂಬರ್ ಎತ್ತುವ ಹಾಗೆ ನೋಡಿಕೊಳ್ಳಿ. ನೀವೂ ಒಮ್ಮೆ ಬನ್ನಿ. ಮೊದಲೇ ತಿಳಿಸದೆ ಬನ್ನಿ, ಗಾಡಿಗಳ ಸಾಲು ಬೇಡ. ನಿಮ್ಮ ಮನೆಯ ಹೆಣ್ಣುಮಕ್ಕಳನ್ನು, ವಯಸ್ಸಾದವರು ಇದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ಹುಬ್ಬಳ್ಳಿಯಿಂದ ಕಾರು ನಾನು ತರುತ್ತೇನೆ, ಬಾಡಿಗೆ ಬೇಡ. ದಿನವಿಡೀ ತಿರುಗೋಣ. ಅವರಿಗೆ ನೀರು ಕುಡಿಯಿರಿ ಅಂತ ಧೈರ್ಯವಾಗಿ ಹೇಳಲು ನಿಮಗೆ ಆಗುತ್ತದೆಯಾ ನೋಡಿ. ಆಗದಿದ್ದರೆ ಆವತ್ತೇ ಆ ಬೀಗಗಳನ್ನು ತೆಗೆಸಿ ಹೋಗಿ.

ಇಂತಿ ತಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ಬಾಡಿಗೆ ಕಾರು ಚಾಲಕ